ಎಮ್ಮೆದೊಡ್ಡಿಗೆ ಬಂದ ಮೋಗ್ಲಿ

1993ರ ಒಂದು ಭಾನುವಾರದ ಬೆಳಗು. ಕಡೂರು ಸೀಮೆಯ ಎಮ್ಮೆದೊಡ್ಡಿಯಲ್ಲಿ, ಟೆಲಿವಿಷನ್ ಇದ್ದ ಒಂದು ಮನೆಯ ಪಡಸಾಲೆಯಲ್ಲಿ ನೆರೆಹೊರೆಯ ಮಕ್ಕಳೆಲ್ಲ ನೆರೆದಿದ್ದರು. ಎಮ್ಮೆಗಳಿಗೆ ಹುಲ್ಲು ಹಾಕಿ ಓಡಿಬಂದಿದ್ದ ಎಂಟು ವರ್ಷದ ಬಾಲಕನೊಬ್ಬನು ಅಜ್ಜಿಯ ಮಗ್ಗುಲಲ್ಲಿ ಕುಳಿತಿದ್ದನು. ತೆರೆಯ ಮೇಲೆ ಕಾಡೊಂದು ಮೂಡಿತು. ತೋಳವೊಂದು ಮನುಷ್ಯನ ಕೂಸನ್ನು ತನ್ನ ಮರಿಗಳೊಡನೆ ಮಲಗಿಸಿಕೊಂಡಿತು.

ಅದು ‘ಜಂಗಲ್ ಬುಕ್’. ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆಯು ನಿರ್ಮಿಸಿ, 1989-90ರಲ್ಲಿ ಅಲ್ಲಿ ಪ್ರಸಾರವಾಗಿದ್ದ 52 ಕಂತುಗಳ ಚಿತ್ರಸರಣಿ. ಕಥೆಯ ಕಾಡು ಮಾತ್ರ ಭಾರತದ್ದೇ. ಮುಂಬಯಿಯಲ್ಲಿ ಜನಿಸಿದ ರಡ್ಯರ್ಡ್ ಕಿಪ್ಲಿಂಗರು 1894ರಲ್ಲಿ ಪ್ರಕಟಿಸಿದ ಕಥೆಗಳೇ ಅದಕ್ಕೆ ಆಧಾರ. ದೂರದರ್ಶನದಲ್ಲಿ ಅದು ಹಿಂದಿಯಲ್ಲಿ ಮಾತನಾಡಿತು. ಗುಲ್ಜಾರರ ಗೀತೆಗೆ ವಿಶಾಲ್ ಭಾರದ್ವಾಜರ ಸಂಗೀತ. ಹುಲಿ ಷೇರ್ ಖಾನನಿಗೆ ನಾನಾ ಪಾಟೇಕರರ ಕಂಠ.

ಬಾಲಕನಿಗೆ ಹಿಂದಿ ಬಾರದು. ಹುಲಿಯ ಗರ್ಜನೆಗೆ ಅಂಜಿದನು, ಕೂಸಿನ ನಗುವಿಗೆ ನಕ್ಕನು. ಆದರೆ ಒಂದು ಸಂದೇಹ ಉಳಿಯಿತು.

“ಅಜ್ಜಿ, ತೋಳ ಆ ಕೂಸನ್ನ ಯಾಕೆ ತಿನ್ಲಿಲ್ಲ?”

ಕುರಿಮರಿಗಳನ್ನು ತೋಳದ ಬಾಯಿಗೆ ಕಳೆದುಕೊಂಡಿದ್ದ ಆ ವೃದ್ಧೆ ಕ್ಷಣಕಾಲ ಸುಮ್ಮನಿದ್ದಳು. ಬಳಿಕ, “ಹಾಲು ಕುಡಿಸಿದ ಮೇಲೆ ಅದೂ ತಾಯೇ ಕಣಪ್ಪ. ತಾಯಿ ಹೆಂಗೆ ತಿಂತಾಳೆ?” ಎಂದಳು.

ಕೆಲವು ದಿನಗಳ ನಂತರ ಶಾಲೆಯಲ್ಲಿ ಮೇಷ್ಟರು ಕಿಪ್ಲಿಂಗರ ಮೂಲಕಥೆಯನ್ನು ಕನ್ನಡದಲ್ಲಿ ಹೇಳಿದರು. ಅದರಲ್ಲಿ ಮೋಗ್ಲಿಯು ಷೇರ್ ಖಾನನನ್ನು ಕೊಲ್ಲುವುದು ಕೋವಿಯಿಂದಲ್ಲ. ತಾನು ಮೇಯಿಸುತ್ತಿದ್ದ ಊರಿನ ಎಮ್ಮೆಗಳ ಹಿಂಡನ್ನು ಕೊರಕಲಿನೊಳಗೆ ನುಗ್ಗಿಸಿ. ಹೆಸರಿನಲ್ಲಿಯೇ ಎಮ್ಮೆಯನ್ನಿಟ್ಟುಕೊಂಡ ಊರಿನ ಆ ಬಾಲಕನು ಅಂದು ಸಂಜೆ ದೊಡ್ಡಿಯ ಮುಂದೆ ಬಹಳ ಹೊತ್ತು ನಿಂತಿದ್ದನಂತೆ. ದಿನವೂ ಬೈದು ಅಟ್ಟುತ್ತಿದ್ದ ಪ್ರಾಣಿಗಳು ಅವನಿಗೆ ಅಂದು ವೀರರಂತೆ ಕಂಡವು.

ಚಿತ್ರವು ಕಣ್ಣನ್ನು ಸೆಳೆಯಬಲ್ಲುದು. ಅದರ ಅರ್ಥವು ಎದೆಗಿಳಿಯಲು ತಾಯ್ನುಡಿಯೇ ಬೇಕು. ಹನ್ನೆರಡನೆಯ ಶತಮಾನದ ಶರಣರು ಅನುಭಾವವನ್ನು ಆಡುಮಾತಿನಲ್ಲಿ ನುಡಿದುದರ ಮರ್ಮವೂ ಇದೇ ಅಲ್ಲವೆ? 2009ರಲ್ಲಿ ಚಿಂಟು ಟಿವಿ ಆರಂಭವಾದಾಗ ಕನ್ನಡದ ಮಕ್ಕಳಿಗೆ ಕಾರ್ಟೂನುಗಳು ತಮ್ಮ ನುಡಿಯಲ್ಲಿಯೇ ದೊರೆತುದು ಸಣ್ಣ ಸಂಗತಿಯಲ್ಲ.

ಇಂದು ಜಪಾನಿನ ಹೊಸ ಸರಣಿಗಳು ಅಂಗೈಯ ಮೊಬೈಲಿಗೇ ಬರುತ್ತವೆ. ಮಗು ಮೂಲೆಯಲ್ಲಿ ಒಂಟಿಯಾಗಿ ನೋಡುತ್ತದೆ, ಪಡಸಾಲೆ ಬರಿದಾಗಿದೆ. ಸರಣಿ ಒಳ್ಳೆಯದೋ ಕೆಟ್ಟದ್ದೋ ಎಂದು ಹಿರಿಯರು ದೂರದಿಂದಲೇ ತೀರ್ಪು ಕೊಡುತ್ತಾರೆ. ಆ ಅಜ್ಜಿ ತೀರ್ಪು ಕೊಡಲಿಲ್ಲ, ಪಕ್ಕದಲ್ಲಿ ಕುಳಿತಿದ್ದಳು. ಮಗು ಕೇಳುವ ಮೊದಲ ಪ್ರಶ್ನೆಗೆ ಕಿವಿಗೊಡಲು ಹಿರಿಯರೊಬ್ಬರು ಬಳಿಯಲ್ಲಿದ್ದರೆ, ಯಾವ ದೇಶದ ಕಥೆಯೇ ಆಗಲಿ, ಅದು ನಮ್ಮ ಮನೆಯ ಕಥೆಯಾದೀತು.