ಬಿಡದ ಪಂಚಮ

ಬೋಧನಾಭ್ಯಾಸಕ್ಕೆ ರೋಣ ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಹೋಗಿದ್ದೆ. ಹತ್ತನೆಯ ತರಗತಿಗೆ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಪಾಠ. ಭೀಮಸೇನ ಜೋಶಿಯವರ ಊರಿನ ಕಡೆಯ ಮಕ್ಕಳಿಗೆ ಹಾರ್ಮೋನಿಯಂ ಹೊಸದಲ್ಲವೆಂದು ಅದನ್ನೇ ಪಾಠೋಪಕರಣ ಮಾಡಿಕೊಂಡೆ. ತಾನೇ ನುಡಿಯುವ ಹಳೆಯ ಪಿಯಾನೋಗಳಲ್ಲಿ ರಂಧ್ರವಿರುವ ಕಾಗದದ ಸುರುಳಿ ಮತ್ತು ಗಾಳಿ ಮಾಡುತ್ತಿದ್ದ ಕೆಲಸವನ್ನು ಇಂದಿನವುಗಳಲ್ಲಿ ಸೊಲೆನಾಯ್ಡ್ ಮಾಡುತ್ತದೆ. ನಾನೂ ಸಾ, ರಿ, ಗ, ಪ, ದ ಮನೆಗಳ ಮೇಲೆ 12 ವೋಲ್ಟ್‌ನ ಐದು ಸೊಲೆನಾಯ್ಡ್ ಕೂರಿಸಿದೆ. ಮೊಬೈಲ್ ಒತ್ತಿದರೆ ವೈಫೈ ಮೂಲಕ ಇಎಸ್‌ಪಿ8266 ಬೋರ್ಡಿಗೆ ಸೂಚನೆ. ಅದು ಟ್ರಾನ್ಸಿಸ್ಟರ್ ಮೂಲಕ ಸೊಲೆನಾಯ್ಡಿಗೆ ವಿದ್ಯುತ್ ಹರಿಸುತ್ತದೆ. ತಿದಿ ಹಾಕಲು ಒಬ್ಬ ಹುಡುಗ.

ಭೂಪ್ ರಾಗದ ಆರೋಹ ಎರಡು ಸಲ ಸರಿಯಾಗಿ ಬಂತು. ಮೂರನೆಯ ಸಲ ಪಂಚಮದ ಮನೆ ಒತ್ತಿದ್ದು ಮೇಲೇಳಲೇ ಇಲ್ಲ. ಹಿಂದೆ ಮಾರ್ಗದರ್ಶಕರು ಕುಳಿತಿದ್ದರು. ಗಾಬರಿಯಲ್ಲಿ “ನೆಟ್‌ವರ್ಕ್ ಹೋಗಿದೆ” ಎಂದುಬಿಟ್ಟೆ.

ಮುಂದಿನ ಸಾಲಿನ ಹುಡುಗಿ ಕೇಳಿದಳು: “ಉಳದ ನಾಕೂ ನುಡಿಯಾಕತ್ತಾವಲ್ರಿ ಸರ್, ಪ ಒಂದಕ್ಕಷ್ಟ ನೆಟ್‌ವರ್ಕ್ ಇಲ್ಲೇನ್ರಿ?”

ಗೊತ್ತಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ರಾತ್ರಿ ಬಿಚ್ಚಿ ನೋಡಿದರೆ ಪಂಚಮದ ಟ್ರಾನ್ಸಿಸ್ಟರ್ ಶಾರ್ಟ್ ಆಗಿತ್ತು. ಸೊಲೆನಾಯ್ಡಿನ ವಿದ್ಯುತ್ತನ್ನು ತಟ್ಟನೆ ಕಡಿದಾಗ ಕಾಂತಕ್ಷೇತ್ರ ಕುಸಿದು ಹೆಚ್ಚಿನ ವೋಲ್ಟೇಜ್ ಹುಟ್ಟುತ್ತದೆ. ಅದಕ್ಕೆ ದಾರಿ ಕೊಡಲು ಪ್ರತಿ ಸೊಲೆನಾಯ್ಡಿಗೂ ಅಡ್ಡಲಾಗಿ ಡಯೋಡ್ ಹಾಕಬೇಕಿತ್ತು, ನಾನು ಹಾಕಿರಲಿಲ್ಲ.

ಮರುದಿನ ಸುಟ್ಟ ಟ್ರಾನ್ಸಿಸ್ಟರನ್ನು ಮೇಜಿನ ಮೇಲಿಟ್ಟು, “ನಿನ್ನೆ ನೆಟ್‌ವರ್ಕ್ ಹೋಗಿರಲಿಲ್ಲ, ತಪ್ಪು ನನ್ನದು” ಎಂದು ಪಾಠ ಆರಂಭಿಸಿದೆ. ಡಯೋಡ್ ಹಾಕಿದ ಮೇಲೆ ಆ ಹುಡುಗಿಯೇ ಆರೋಹ ನುಡಿಸಿದಳು. ಪಂಚಮ ಒತ್ತಿತು, ಬಿಟ್ಟಿತು. ಈಗ ನನ್ನ ಪಾಠಯೋಜನೆಯಲ್ಲಿ, ಉಪಕರಣ ಕೆಟ್ಟರೆ ಮಕ್ಕಳನ್ನು ಏನು ಕೇಳಬೇಕು ಎಂಬುದಕ್ಕೂ ಒಂದು ಸಾಲು ಇರುತ್ತದೆ.