ಚಕ್ರವುಳ್ಳವನ ಬರಿಗೈ

ಅಲೌಕಿಕ ಶಕ್ತಿಯುಳ್ಳವನು ಬರಿಗೈಯಲ್ಲಿ ಕಾದಬೇಕಾದರೆ ಯುದ್ಧದ ನಿಯಮಗಳು ಹೇಗಿರಬೇಕು? ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಕಥೆ ಕಟ್ಟುತ್ತ ಆಡುವ ಪಾತ್ರಾಭಿನಯದ ಆಟಗಳಲ್ಲಿ ಇದು ಹಳೆಯ ಪ್ರಶ್ನೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 1978ರ ನಿಯಮಗ್ರಂಥವು ಯೋಧನ ದೇಹಬಲಕ್ಕೆ 10 ಮುಖದ ದಾಳವನ್ನೂ ಮಾಂತ್ರಿಕನ ದೇಹಬಲಕ್ಕೆ 4 ಮುಖದ ದಾಳವನ್ನೂ ಗೊತ್ತುಪಡಿಸಿತು. ಮಂತ್ರ ಬಲ್ಲವನ ತೋಳು ದುರ್ಬಲವಾಗಿದ್ದರೆ ಮಾತ್ರ ಆಟ ಸಮತೂಗುತ್ತದೆ ಎಂಬುದು ಅಲ್ಲಿಯ ಗ್ರಹಿಕೆ.

ಇದೇ ಪ್ರಶ್ನೆಗೆ ಜೈನಪುರಾಣ ಬೇರೊಂದು ಉತ್ತರವನ್ನಿತ್ತಿದೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ನಿರೂಪಿಸಿದ ಭರತ-ಬಾಹುಬಲಿಯರ ಪ್ರಸಂಗವನ್ನು ಪಂಪನು ಕ್ರಿ.ಶ. 941ರ ‘ಆದಿಪುರಾಣ’ದಲ್ಲಿ ಕನ್ನಡಕ್ಕೆ ತಂದನು. ದಿಗ್ವಿಜಯ ಮುಗಿಸಿ ಮರಳಿದ ಭರತನ ಚಕ್ರರತ್ನವು ಅಯೋಧ್ಯೆಯನ್ನು ಪ್ರವೇಶಿಸದೆ ಹೊರಗೇ ನಿಂತಿತು. ತಮ್ಮಂದಿರು ಇನ್ನೂ ಅಧೀನರಾಗಿರಲಿಲ್ಲ. ಉಳಿದವರು ದೀಕ್ಷೆ ವಹಿಸಿದರು. ಪೌದನಪುರದ ಬಾಹುಬಲಿ ಮಾತ್ರ ಸೇನೆಯೊಡನೆ ಎದುರಾದನು.

ಆಗ ಮಂತ್ರಿಗಳು ಮುಂದಿಟ್ಟ ವಾದ ಗಮನಾರ್ಹವಾದುದು. ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಎಂದರೆ ಅದೇ ಜನ್ಮದಲ್ಲಿ ಮುಕ್ತಿ ಪಡೆಯುವವರು. ಯುದ್ಧದಲ್ಲಿ ಅವರಿಗೆ ಸಾವಿಲ್ಲ. ಸಾಯುವವರು ಸೈನಿಕರು ಮಾತ್ರ. ಆದ್ದರಿಂದ ಸೇನೆಯನ್ನೂ ಆಯುಧವನ್ನೂ ಬದಿಗಿರಿಸಿ ಇಬ್ಬರೇ ಕಾದಲಿ ಎಂದು ನಿರ್ಣಯವಾಯಿತು. ನಿಯಮ ಹುಟ್ಟಿದ್ದು ವೀರರ ರಕ್ಷಣೆಗಲ್ಲ, ಹೆಸರಿಲ್ಲದ ಕಾಲಾಳುಗಳ ರಕ್ಷಣೆಗೆ.

ಗೊತ್ತಾದ ಯುದ್ಧಗಳು ಮೂರು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೊದಲನೆಯದರಲ್ಲಿ ನೋಟ, ಎರಡನೆಯದರಲ್ಲಿ ನೀರು, ಮೂರನೆಯದರಲ್ಲಿ ಮೈ. ದೂರದಿಂದ ಸ್ಪರ್ಶದವರೆಗೆ ಹಂತಹಂತವಾಗಿ ಹತ್ತಿರವಾಗುವ ಕ್ರಮವಿದು. ಭರತನ ಎತ್ತರ 500 ಬಿಲ್ಲು, ಬಾಹುಬಲಿಯದು 525. ಅಣ್ಣ ಎರಚಿದ ನೀರು ತಮ್ಮನ ಮುಖವನ್ನು ಮುಟ್ಟಲಿಲ್ಲ. ಮೂರರಲ್ಲಿಯೂ ಬಾಹುಬಲಿಯೇ ಗೆದ್ದನು. ಮಲ್ಲಯುದ್ಧದಲ್ಲಿ ಮೇಲೆತ್ತಿದ ಅಣ್ಣನನ್ನು ಗೌರವದಿಂದ ನೆಲಕ್ಕಪ್ಪಳಿಸದೆ ಬಿಟ್ಟನು.

ಸೋತ ಭರತ ಚಕ್ರವನ್ನು ನೆನೆದು ತಮ್ಮನ ಮೇಲೆ ಪ್ರಯೋಗಿಸಿದನು. ಅದು ಬಾಹುಬಲಿಯನ್ನು ಬಲಗೊಂಡು ನಿಂತಿತು. ಇಲ್ಲಿ ಪುರಾಣ ಹಾಗೂ ಆಟದ ದಾರಿಗಳು ಕವಲೊಡೆಯುತ್ತವೆ. ಭರತನ ತೋಳು ದುರ್ಬಲವಲ್ಲ. ಆತ ಷಟ್ಖಂಡವನ್ನು ಗೆದ್ದವನು. ಕೊರತೆಯಿದ್ದುದು ಸೋಲನ್ನು ಒಪ್ಪಿಕೊಳ್ಳುವ ಶಕ್ತಿಯಲ್ಲಿ. ಬರಿಗೈಯ ಕಾಳಗಕ್ಕೆ ಎಷ್ಟೇ ನಿಯಮ ರಚಿಸಿದರೂ, ಸೋತ ಬಲಶಾಲಿ ಮತ್ತೆ ಆಯುಧ ಹಿಡಿದರೆ ತಡೆಯುವವರಾರು? ಸಭೆಯಲ್ಲಿದ್ದ ಯಾರಿಗೂ ಅದು ಸಾಧ್ಯವಾಗಲಿಲ್ಲ. ಮನುಷ್ಯ ಮುರಿದ ನಿಯಮವನ್ನು ಆಯುಧವೇ ಪಾಲಿಸಿತು.

ಹದಿನಾರನೆಯ ಶತಮಾನದ ರತ್ನಾಕರವರ್ಣಿಗೆ ಈ ಚಿತ್ರ ಒಪ್ಪಿಗೆಯಾದಂತಿಲ್ಲ. ‘ಭರತೇಶವೈಭವ’ದಲ್ಲಿ ಆತ ಕಾಳಗವನ್ನೇ ಕೈಬಿಟ್ಟು, ಅಣ್ಣನ ಮೃದುವಾದ ಮಾತಿನಿಂದ ತಮ್ಮನ ಮನಸ್ಸನ್ನು ತಿರುಗಿಸಿದನು. ಭರತನ ಗೌರವ ಉಳಿಯಿತು. ಆದರೆ ಪಂಪನ ಕಾವ್ಯದಲ್ಲಿ ಓದುಗರನ್ನು ಕಾಡುವ ಆ ನಾಚಿಕೆಯ ಗಳಿಗೆ ಇಲ್ಲವಾಯಿತು.

ಚುಂಚನಕಟ್ಟೆಯ ಸುತ್ತಣ ನಾಡಿಗೂ ಈ ಕಥೆಗೂ ನಂಟಿದೆ. ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನು ಭರತನ ಸೇನಾಪತಿ ಜಯಕುಮಾರನನ್ನು ಕುರಿತು ‘ಜಯನೃಪಕಾವ್ಯ’ ಬರೆದನು. ಅದೇ ತಾಲೂಕಿನ ಬಿಳಿಕೆರೆಗೆ ಸಮೀಪದ ಗೊಮ್ಮಟಗಿರಿಯಲ್ಲಿ, ಒಂಟಿ ಬಂಡೆಯ ನೆತ್ತಿಯ ಮೇಲೆ, ಬಾಹುಬಲಿ ನಿಂತಿದ್ದಾನೆ. ಶಿಲ್ಪಿ ಕಡೆದದ್ದು ಅಣ್ಣನನ್ನು ಮೇಲೆತ್ತಿದ ಜಟ್ಟಿಯನ್ನಲ್ಲ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತವನ, ಎರಡೂ ಪಕ್ಕಗಳಲ್ಲಿ ಇಳಿಬಿಟ್ಟ ಬರಿಗೈಗಳನ್ನು.