ಮಾರಿ ಕಣಿವೆಯಲ್ಲಿ ವೇದಾವತಿ

ದುರ್ಗ ಅಂದ ತಕ್ಷಣ ಸಿನಿಮಾಪ್ರಿಯರ ಕಣ್ಮುಂದೆ ಬರೋದು 1972ರ ‘ನಾಗರಹಾವು’! ಪುಟ್ಟಣ್ಣ ಕಣಗಾಲರ ಕ್ಯಾಮೆರಾ ಸುತ್ತಾಡಿದ ಆ ಬಂಡೆ, ಬತೇರಿಗಳನ್ನು ನೋಡೋಕೆ ಜನ ಈಗಲೂ ಬರ್ತಾರೆ. ನೋಡಿದ್ದಾಯ್ತು ಅಂತ ಬಸ್ ಹತ್ತಿ ಹೋಗ್ತಾರೆ. ನಾನು ಮಾತ್ರ ಈ ಸಲ ಕೋಟೆ ಬಿಟ್ಟು ನೀರಿನ ಜಾಡು ಹಿಡಿದೆ. ಹೊಳಲ್ಕೆರೆ ದಾಟಿ ಹೊಸದುರ್ಗ, ಅಲ್ಲಿಂದ ಹಿರಿಯೂರಿನ ದಾರಿ.

ಈ ಸೀಮೆಯ ಕಥಾನಾಯಕಿ ವೇದಾವತಿ. ತವರು ಬಾಬಾಬುಡನ್ ಬೆಟ್ಟ. ವೇದಾ, ಆವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ಹೊಸದುರ್ಗದತ್ತ ಬರುತ್ತವೆ. ಮಲೆನಾಡಿನ ಮಗಳು ಬರಗಾಲದ ಸೀಮೆಗೆ ಸೊಸೆಯಾಗಿ ಬಂದಳು ಅನ್ನಿ! ಮಳೆ ಕೈಕೊಟ್ಟ ವರ್ಷ ಬರೀ ಮರಳು.

ಚಿತ್ರದುರ್ಗದಿಂದ ಹಿರಿಯೂರಿನವರೆಗೆ ಕಲ್ಲುಗುಡ್ಡಗಳ ಸಾಲೊಂದು ಗೋಡೆಯಂತೆ ಹಬ್ಬಿದೆ. ವೇದಾವತಿ ಆ ಗೋಡೆಯನ್ನು ಸೀಳಿ ಪೂರ್ವಕ್ಕೆ ನುಗ್ಗಿದ ಕಿಂಡಿಯೇ ಮಾರಿ ಕಣಿವೆ. ಕಾವಲಿಗೆ ಕಣಿವೆ ಮಾರಮ್ಮ. ಎರಡು ಗುಡ್ಡಗಳು ಮೈಗೆ ಮೈ ತಾಗುವಷ್ಟು ಹತ್ತಿರ ಬಂದ ಕಡೆ ಒಂದು ಕಟ್ಟೆ ಹಾಕಿದರೆ ಹಿಂದೆ ಸಮುದ್ರವೇ! ಮೈಸೂರು ಸಂಸ್ಥಾನದವರು ಅದನ್ನೇ ಮಾಡಿದರು. 1907ರ ಹೊತ್ತಿಗೆ ಕಲ್ಲು-ಗಾರೆಯ ಅಣೆಕಟ್ಟು ಎದ್ದಿತು. ಮಹಾರಾಣಿಯವರ ಹೆಸರಲ್ಲಿ ವಾಣಿವಿಲಾಸ ಸಾಗರವಾಯಿತು. 130 ಅಡಿ ನಿಂತರೆ 30 ಟಿಎಂಸಿ ನೀರು.

ನಿಲ್ಲಬೇಕಲ್ಲ! 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಅಜ್ಜ ಕಂಡ ಕೋಡಿಯನ್ನು ಮೊಮ್ಮಗ ಕಂಡ. ನಡುವೆ ಬದುಕಿದ ಅಪ್ಪನಿಗೆ ಆ ಭಾಗ್ಯ ಇಲ್ಲ. ಆ ನಡುವಿನ ಬರಗಳಲ್ಲಿ ಬಾವಿ ಬತ್ತಿ, ಹಿರಿಯೂರಿನ ತೆಂಗಿನ ತೋಟಗಳು ಸುಳಿ ಒಣಗಿ ನಿಂತವು. 2019ರಿಂದ ಭದ್ರಾ ನೀರನ್ನು ಮೇಲೆತ್ತಿ ವೇದಾವತಿಗೆ ಬಿಡತೊಡಗಿದ ಮೇಲೆ ಉಸಿರು ಬಂತು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ!

ಆದರೆ ಒಂದು ಮಾತು. ನೀರು ಏರಿದಾಗ ಕೆಳಗೆ ಹಿರಿಯೂರಲ್ಲಿ ಹಬ್ಬ. ಮೇಲೆ ಹೊಸದುರ್ಗದ ಹಿನ್ನೀರಿನ ಹಳ್ಳಿಗಳಲ್ಲಿ ತೋಟ, ದಾರಿ ಮುಳುಗಿದ ಸಂಕಟ. ಒಂದೇ ನೀರು, ಎರಡು ಕಣ್ಣೀರು! ಕೋಡಿ ನೋಡಿ ಕೈತಟ್ಟುವ ನಾವು ಇದನ್ನೂ ನೆನೆಯಬೇಕು.

ಮುಂದೆ ಸುವರ್ಣಮುಖಿಯನ್ನು ಕೂಡಿಕೊಂಡು, ಚಳ್ಳಕೆರೆ ಸೀಮೆ ಹಾದು, ಆಂಧ್ರಕ್ಕೆ ಕಾಲಿಟ್ಟು, ‘ಹಗರಿ’ ಎಂಬ ಹೆಸರಲ್ಲಿ ಬಳ್ಳಾರಿ ಕಡೆ ಬಂದು ತುಂಗಭದ್ರೆ ಸೇರುತ್ತಾಳೆ ಇವಳು.

ಹೋಗೋದಾದ್ರೆ ಮಳೆಗಾಲ ಮುಗಿದ ಮೇಲೆ ಹೋಗಿ. ಹಿರಿಯೂರಿನಿಂದ ಸುಮಾರು 20 ಕಿ.ಮೀ. ಗುಡ್ಡದ ಮೇಲಿಂದ ನೋಡಿದರೆ ಹಿನ್ನೀರು ಭಾರತದ ನಕಾಶೆಯಂತೆ ಕಾಣುತ್ತೆ ಅಂತಾರೆ. ಮಾರಮ್ಮನಿಗೆ ಕೈಮುಗಿದು, ಹೊತ್ತು ಮುಳುಗೋ ಮುಂಚೆ ಕೆಳಗಿಳಿಯಿರಿ.